ಏಕಾದಶಿ ತಲೆನೋವು, ಥೈರಾಯ್ಡ್ ಮಾತ್ರೆ, ದಿನಕ್ಕೆ ಆರು ಲೋಟ ಕಾಫಿ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 54 ವರ್ಷ. ಚಿಕ್ಕಮಗಳೂರು ತಾಲ್ಲೂಕು, ಆಲ್ದೂರು ಕಡೆಯವಳು. ಆರು ಎಕರೆ ಕಾಫಿ ತೋಟ ಇದೆ. ಮನೆಗೆ ನಮ್ಮದೇ ಪುಡಿ, ಅರ್ಧ ಅರೇಬಿಕಾ ಅರ್ಧ ರೋಬಸ್ಟಾ, ಚಿಕೋರಿ ಹಾಕಿಸುವುದಿಲ್ಲ. ಐದೂವರೆಗೆ ಎದ್ದ ತಕ್ಷಣ ಒಂದು ಲೋಟ ಕಾಫಿ, ಅದರ ಜೊತೆಗೇ ಥೈರಾಯ್ಡ್ ಮಾತ್ರೆ. ಆಮೇಲೆ ತಿಂಡಿಗೊಂದು, ಹನ್ನೊಂದಕ್ಕೆ ಆಳುಗಳಿಗೆ ಕೊಡುವಾಗೊಂದು, ಊಟದ ಮೇಲೊಂದು, ನಾಲ್ಕಕ್ಕೊಂದು, ಸಂಜೆ ಏಳಕ್ಕೆ ಯಜಮಾನರು ಬಂದಾಗ ಇನ್ನೊಂದು. ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಥೈರಾಯ್ಡ್ ಮಾತ್ರೆ ಒಂದು ವರ್ಷದಲ್ಲಿ ಎರಡು ಸಲ ಜಾಸ್ತಿ ಮಾಡಿದರೂ, ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕಮ್ಮಿಯಿದ್ದರೆ ಏರುವ ಟಿಎಸ್‌ಎಚ್ ಇಳಿದಿಲ್ಲ. ಹಿಮೋಗ್ಲೋಬಿನ್ 9.8. ಕಬ್ಬಿಣದ ಮಾತ್ರೆಯನ್ನು ಮಧ್ಯಾಹ್ನ ಊಟ ಆದ ಮೇಲೆ ತಗೊಳ್ತೀನಿ. ಮುಟ್ಟು ನಿಂತು ಎರಡು ವರ್ಷ ಆಯಿತು. ಏಕಾದಶಿ ದಿನ ನೀರು ಬಿಟ್ಟು ಏನೂ ಮುಟ್ಟುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯೋಕೆ ಶುರುವಾಗುತ್ತದೆ. ಹೊಟ್ಟೆ ಖಾಲಿ ಇದ್ದು ಪಿತ್ತ ಏರುತ್ತೆ ಅಂತ ನಮ್ಮತ್ತೆ ಹೇಳ್ತಿದ್ರು. ತಡೆಯೋಕೆ ಆಗದಿದ್ದರೆ ಮೆಡಿಕಲ್ ಶಾಪಿನಿಂದ ತಂದ ತಲೆನೋವಿನ ಮಾತ್ರೆ ನುಂಗ್ತೀನಿ. ರಾತ್ರಿ ಹತ್ತೂವರೆಗೆ ಮಲಗಿದರೆ ಎರಡು ಗಂಟೆಗೆ ಎಚ್ಚರ. ಮೊನ್ನೆ ಆಸ್ಪತ್ರೆಯಲ್ಲಿ ಬಿ.ಪಿ. 146/90 ಬಂತು, ಕಾಫಿ ಪೂರ್ತಿ ನಿಲ್ಲಿಸಿ ಅಂದರು. ಬೆಂಗಳೂರಲ್ಲಿರುವ ಮಗ ಕಾಫಿಯಿಂದ ಕೊಲೆಸ್ಟ್ರಾಲ್ ಬರುತ್ತೆ ಅಂತ ಗ್ರೀನ್ ಟೀ ಕಳಿಸಿದ್ದಾನೆ. ನಾಲ್ಕು ತಿಂಗಳ ಬಸುರಿ ಮಗಳು ಮುಂದಿನ ವಾರ ಬರ್ತಾಳೆ, ಅವಳಿಗೂ ಕಾಫಿ ಬೇಕು. ಕಾಫಿ ತೋಟ ಇಟ್ಕೊಂಡು ಕಾಫಿ ಬಿಡೋದು ಹೇಗೆ ಹೇಳಿ. ಬಿಡಲೇಬೇಕಾ?

ಉತ್ತರ: ಬಿಡಲೇಬೇಕಾಗಿಲ್ಲ. ಆದರೆ ಈಗ ಕುಡಿಯುತ್ತಿರುವ ಹಾಗೆ ಕುಡಿಯುವುದೂ ಬೇಡ. ನೀವು ಸಮಯ ಸಮೇತ ಬರೆದಿದ್ದರಿಂದ ನನ್ನ ಕೆಲಸ ಹಗುರವಾಯಿತು. ನನ್ನ ಕ್ಲಿನಿಕ್ ಇರುವುದು ಹಾಸನದಲ್ಲಿ. ಸಕಲೇಶಪುರ, ಬೇಲೂರು ಕಡೆಯಿಂದ ಬರುವ ತೋಟದ ಮನೆಯವರನ್ನು ದಿನಕ್ಕೆ ಎಷ್ಟು ಕಾಫಿ ಅಂತ ಕೇಳಿದರೆ "ಒಂದೆರಡು" ಅನ್ನುತ್ತಾರೆ. ಜೊತೆಗೆ ಬಂದ ಮಗಳೋ ಸೊಸೆಯೋ ಹಿಂದಿನಿಂದ ಐದು ಬೆರಳು ತೋರಿಸುತ್ತಿರುತ್ತಾರೆ.

ನಿಮ್ಮ ತೊಂದರೆಗಳಲ್ಲಿ ಮುಕ್ಕಾಲು ಪಾಲು ಬಂದಿರುವುದು ಕಾಫಿಯನ್ನು ಯಾವಾಗ, ಯಾವುದರ ಜೊತೆ ಕುಡಿಯುತ್ತೀರಿ ಅನ್ನುವುದರಿಂದ. ಒಂದೊಂದಾಗಿ ನೋಡೋಣ.

ಮೊದಲು ಏಕಾದಶಿ. ಇದಕ್ಕೆ ಪಿತ್ತವನ್ನು ಬೈದು ಪ್ರಯೋಜನವಿಲ್ಲ. ಉಪವಾಸದಿಂದಲೂ ತಲೆನೋವು ಬರುತ್ತದೆ, ಸುಳ್ಳಲ್ಲ. ಆದರೆ ನಿಮ್ಮ ಲೆಕ್ಕ ನೋಡಿ. ದಶಮಿ ಸಂಜೆ ಏಳಕ್ಕೆ ಕೊನೆಯ ಲೋಟ. ಏಕಾದಶಿ ಮಧ್ಯಾಹ್ನಕ್ಕೆ ಹದಿನೇಳು ಗಂಟೆ ಕಳೆದಿರುತ್ತದೆ. ಕಾಫಿಯಲ್ಲಿ ಚುರುಕು ಕೊಡುವ ವಸ್ತು ಕೆಫೀನ್. ಅದು ತಪ್ಪಿದಾಗ ಬರುವ ತಲೆನೋವು ಸಾಮಾನ್ಯವಾಗಿ ಶುರುವಾಗುವುದು 12ರಿಂದ 24 ಗಂಟೆಯ ಒಳಗೆ. ನಿಮ್ಮದು ಸರಿಯಾಗಿ ಅಲ್ಲೇ ಬಂದು ಕೂತಿದೆ. ದ್ವಾದಶಿ ಪಾರಣೆ ಮುಗಿಸಿ ಕಾಫಿ ಕುಡಿದ ಮುಕ್ಕಾಲು ಗಂಟೆಯಲ್ಲಿ ತಲೆ ಹಗುರವಾಗುತ್ತಾ, ಮುಂದಿನ ಸಲ ಗಮನಿಸಿ. ಹಗುರವಾದರೆ ನನ್ನ ಅನುಮಾನ ಬಲವಾಯಿತು ಅಂದುಕೊಳ್ಳಿ.

ಯಾಕೆ ಹೀಗಾಗುತ್ತೆ ಅಂದರೆ, ನಾವು ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಕೂಡಿಕೊಳ್ಳುತ್ತಾ ಹೋಗುತ್ತದೆ. ಅದಕ್ಕೆ ಕೂರಲು ಅಂತಲೇ ಜಾಗಗಳಿವೆ, ಅಲ್ಲಿ ಹೋಗಿ ಕೂತರೆ ನಮಗೆ ಆಯಾಸ, ನಿದ್ದೆ. ಕೆಫೀನ್ ನೋಡಲು ಅದರ ಹಾಗೇ ಇರುವುದರಿಂದ ಮೊದಲೇ ಹೋಗಿ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಜಾಗ ಹಿಡಿದುಬಿಡುತ್ತದೆ. ಅಡೆನೋಸಿನ್ ನಿಂತೇ ಇರಬೇಕು, ನಾವು ಚುರುಕಾಗಿರುತ್ತೇವೆ. ಆದರೆ ದಿನಾ ಹೀಗೇ ಆದರೆ ಮೆದುಳು ಸುಮ್ನೆ ಇರುವುದಿಲ್ಲ, ಸೀಟುಗಳನ್ನೇ ಜಾಸ್ತಿ ಮಾಡುತ್ತದೆ. ಒಂದು ದಿನ ಕೆಫೀನ್ ಬರಲಿಲ್ಲ ಅನ್ನಿ, ಅಷ್ಟೂ ಸೀಟಿನಲ್ಲಿ ಅಡೆನೋಸಿನ್ ಕೂರುತ್ತದೆ. ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ, ಆಕಳಿಕೆ, ಸಿಡುಕು, ಯಾವುದರಲ್ಲೂ ಮನಸ್ಸಿಲ್ಲ. ಕಾಫಿ ಪೂರ್ತಿ ಬಿಟ್ಟವರಿಗೆ ಇದು ಎರಡು ದಿನದಿಂದ ಒಂದು ವಾರದ ತನಕ ಇರಬಹುದು. ದಿನಕ್ಕೆ ಒಂದೇ ಲೋಟ ಕುಡಿಯುವವರಲ್ಲೂ ಕೆಲವರಿಗೆ ಬರುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ನೀವು ನುಂಗುವ ತಲೆನೋವಿನ ಮಾತ್ರೆಯ ಪಟ್ಟಿ ತಿರುಗಿಸಿ, ಸಣ್ಣ ಅಕ್ಷರ ಓದಿ. ಚೀಟಿ ಇಲ್ಲದೆ ಸಿಗುವ ಇಂಥ ಮಾತ್ರೆಗಳಲ್ಲಿ ಕೆಲವಕ್ಕೆ ಕೆಫೀನನ್ನೇ ಸೇರಿಸಿರುತ್ತಾರೆ, ನೋವಿನ ಔಷಧಿ ಚೆನ್ನಾಗಿ ಕೆಲಸ ಮಾಡಲಿ ಅಂತ. ನಿಮ್ಮದೂ ಅದೇ ಆಗಿದ್ದರೆ ಕಾಫಿ ಬಿಟ್ಟ ದಿನ ಕಾಫಿಯನ್ನೇ ಮಾತ್ರೆ ರೂಪದಲ್ಲಿ ನುಂಗಿದ ಹಾಗಾಯಿತು, ಗುಣ ಆಗದೆ ಇನ್ನೇನು. ನನಗೆ ಚಿಂತೆ ಇರುವುದು ಅದರಲ್ಲಿರುವ ನೋವಿನ ಔಷಧಿಯ ಬಗ್ಗೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಜಾತಿಯದ್ದಾದರೆ ಖಾಲಿ ಹೊಟ್ಟೆಗೆ ಬಿದ್ದಾಗ ಜಠರದ ಒಳಪದರ ಕೆರೆಯುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಅಭ್ಯಾಸವಾದರೆ ಬಿ.ಪಿ.ಯನ್ನೂ ಏರಿಸುತ್ತವೆ. ಅಂದಹಾಗೆ ಹೊಟ್ಟೆ ಹುಣ್ಣಿಗೆ ಕಾಫಿಯೇ ಕಾರಣ ಅಂತ ಜನ ಹೇಳುತ್ತಾರಲ್ಲ, ನಿಜವಾದ ದೊಡ್ಡ ಕಾರಣಗಳು ಎರಡು: ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಮತ್ತು ಇಂಥ ನೋವಿನ ಮಾತ್ರೆಗಳು. ಆ ಬ್ಯಾಕ್ಟೀರಿಯಾ ಕಂಡುಹಿಡಿದ ಮಾರ್ಷಲ್, ವಾರನ್ ಇಬ್ಬರಿಗೆ 2005ರಲ್ಲಿ ನೊಬೆಲ್ ಕೊಟ್ಟರು. ಕಾಫಿ ಎದೆಯುರಿ ಜಾಸ್ತಿ ಮಾಡಬಹುದು, ಅದು ಬೇರೆ ಮಾತು.

ಒಂದು ಎಚ್ಚರಿಕೆ. ಏಕಾದಶಿಯಾಗಲಿ ಬೇರೆ ದಿನವಾಗಲಿ, ಇದ್ದಕ್ಕಿದ್ದಂತೆ, ಹಿಂದೆಂದೂ ಕಾಣದಷ್ಟು ಜೋರು ತಲೆನೋವು ಬಂದರೆ, ಅಥವಾ ಜೊತೆಗೆ ಕಣ್ಣು ಮಂಜು, ಮಾತು ತೊದಲು, ಕೈಕಾಲು ಸೋಲು ಇದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ. ಸೀದಾ ಆಸ್ಪತ್ರೆಗೆ ಹೊರಡಿ.

ಈಗ ಥೈರಾಯ್ಡ್ ಮಾತ್ರೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಆ ಮಾತ್ರೆಯಲ್ಲಿರುವ ಲೆವೊಥೈರಾಕ್ಸಿನ್ ಬಹಳ ನಾಜೂಕಿನ ಔಷಧಿ. ಕಾಫಿಯ ಜೊತೆ ನುಂಗಿದರೆ ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಡಾಕ್ಟರು ಡೋಸ್ ಏರಿಸುತ್ತಾರೆ, ನೀವು ಏರಿಸಿದ್ದನ್ನೂ ಕಾಫಿಯಲ್ಲೇ ನುಂಗುತ್ತೀರಿ, ಟಿಎಸ್‌ಎಚ್ ಅಲ್ಲೇ ನಿಂತಿರುತ್ತದೆ. ಏಕಾದಶಿ ದಿನ ಮಾತ್ರ ನೀರಲ್ಲಿ ನುಂಗುತ್ತೀರಿ ಅಲ್ವಾ? ತಿಂಗಳಿಗೆ ಆ ಎರಡು ದಿನ ಅದು ಚೆನ್ನಾಗಿ ಕೆಲಸ ಮಾಡುತ್ತಿರಬಹುದು. ಇನ್ನು ಮೇಲೆ ಎದ್ದ ತಕ್ಷಣ ಬರೀ ನೀರಿನಲ್ಲಿ ನುಂಗಿ. ಅಂಗಳ ಗುಡಿಸಿ, ರಂಗೋಲಿ ಹಾಕಿ, ಹಾಲು ಕಾಯಿಸಿ, ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಅರ್ಧ ಗಂಟೆಗಿಂತ ಕಮ್ಮಿ ಅಂತೂ ಬೇಡ.

ಆದರೆ ಇದರಲ್ಲೊಂದು ಅಪಾಯ ಇದೆ, ಇದನ್ನು ಎಷ್ಟೋ ಸಲ ಯಾರೂ ಹೇಳಿರುವುದಿಲ್ಲ. ಈಗಿನ ನಿಮ್ಮ ಡೋಸ್ ಕಾಫಿ ತಿಂದು ಉಳಿದಿದ್ದನ್ನು ನೋಡಿ ಏರಿಸಿದ್ದು. ನೀರಿನಲ್ಲಿ ನುಂಗಲು ಶುರು ಮಾಡಿದರೆ ಅದೇ ಡೋಸ್ ನಿಮಗೆ ಜಾಸ್ತಿಯಾಗಬಹುದು. ಎದೆ ಹೊಡೆದುಕೊಳ್ಳುವುದು, ಬೆವರು, ಕೈ ನಡುಕ, ನಿದ್ದೆ ಇನ್ನಷ್ಟು ಕೆಡುವುದು, ತುಂಬ ದಿನ ಹಾಗೇ ಬಿಟ್ಟರೆ ಮೂಳೆ ಸವೆತ. ಹಾಗಾಗಿ ಅಭ್ಯಾಸ ಬದಲಿಸುವ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ, ಬದಲಿಸಿದ ಆರರಿಂದ ಎಂಟು ವಾರದ ನಂತರ ಟಿಎಸ್‌ಎಚ್ ಮತ್ತೆ ಮಾಡಿಸಿ. ನಡುವೆ ಎದೆ ಹೊಡೆದುಕೊಂಡರೆ ಎಂಟು ವಾರ ಕಾಯಬೇಡಿ.

ಕಬ್ಬಿಣದ ಮಾತ್ರೆಯ ಕಥೆಯೂ ಹೀಗೇ. ಊಟ, ಅದರ ಮೇಲೆ ಮಾತ್ರೆ, ಅದರ ಮೇಲೆ ಕಾಫಿ ಅಂದರೆ ಕಬ್ಬಿಣ ಒಳಗೆ ಹೋಗಲು ದಾರಿಯೇ ಇಲ್ಲ. ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಟೀ ಇದಕ್ಕಿಂತ ಜಾಸ್ತಿ ಹಿಡಿಯುತ್ತದೆ, ನಿಮ್ಮ ಮಗ ಕಳಿಸಿದ ಗ್ರೀನ್ ಟೀಯೂ ಹಿಡಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ, ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಒಂದು ಗಂಟೆ ನಂತರ ಕಾಫಿ, ಟೀ ಬೇಡ ಎಂದು ಹೇಳಿರುವುದು ಇದಕ್ಕೇ. ಥೈರಾಯ್ಡ್ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ಕನಿಷ್ಠ ನಾಲ್ಕು ಗಂಟೆ ಅಂತರ ಇರಲಿ. ನನ್ನ ಸಲಹೆ, ಸಂಜೆ ಐದೂವರೆಗೆ ನಿಂಬೆಹಣ್ಣು ಹಿಂಡಿದ ನೀರಿನ ಜೊತೆ ನುಂಗಿ.

ಇಷ್ಟಕ್ಕೇ ಬಿಡಬೇಡಿ. ಮುಟ್ಟು ನಿಂತು ಎರಡು ವರ್ಷವಾದ ಮೇಲೂ ಹಿಮೋಗ್ಲೋಬಿನ್ 9.8 ಅಂದರೆ ಬರೀ ಕಾಫಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ರಕ್ತ ಎಲ್ಲೋ ಸೋರುತ್ತಿದೆಯಾ ನೋಡಬೇಕು. ಖಾಲಿ ಹೊಟ್ಟೆಯ ಆ ನೋವಿನ ಮಾತ್ರೆಯೇ ಜಠರದಲ್ಲಿ ಗಾಯ ಮಾಡಿರಬಹುದು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆ ಹುಳುವೂ ಕಾರಣ ಇರಬಹುದು. ಮಲ ಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿ ಬೇಕಾ ಅಂತ ಡಾಕ್ಟರನ್ನು ಕೇಳಿ. ಇದನ್ನು ಮುಂದೆ ಹಾಕಬೇಡಿ.

ಬಿ.ಪಿ. ವಿಷಯ. ಒಂದೇ ಸಲದ 146/90 ನೋಡಿ ಬಿ.ಪಿ. ಇದೆ ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು. ಒ.ಪಿ.ಡಿ.ಯಲ್ಲಿ ಎರಡು ಗಂಟೆ ಕಾಯಿಸಿರುತ್ತಾರೆ, ಕ್ಯಾಂಟೀನಿನಲ್ಲಿ ಒಂದು ಕಾಫಿ ಆಗಿರುತ್ತದೆ, ಟೋಕನ್ ಕೂಗಿದ ತಕ್ಷಣ ಓಡಿ ಬಂದು ಕೂತಿರುತ್ತೀರಿ. ಕೆಫೀನ್ ಕುಡಿದ ಅರ್ಧ ಗಂಟೆಯಿಂದ ಎರಡು ಮೂರು ಗಂಟೆವರೆಗೆ ಬಿ.ಪಿ. ಸ್ವಲ್ಪ ಏರಿಸುತ್ತದೆ. ದಿನಾ ಕುಡಿಯುವವರಲ್ಲಿ ಈ ಏರಿಕೆ ಕಮ್ಮಿ, ದೇಹ ಒಗ್ಗಿಕೊಂಡಿರುತ್ತದೆ. ಮನೆಯಲ್ಲಿ ತೋಳಿಗೆ ಕಟ್ಟುವ ಮೀಟರ್ ಇಟ್ಟುಕೊಂಡು ಒಂದು ವಾರ ಬೆಳಿಗ್ಗೆ ಕಾಫಿಗೆ ಮುಂಚೆ, ಸಂಜೆ ಒಮ್ಮೆ, ಐದು ನಿಮಿಷ ಸುಮ್ಮನೆ ಕೂತು ನೋಡಿ ಬರೆದಿಡಿ. 160/100 ದಾಟುತ್ತಿದ್ದರೆ ತಕ್ಷಣ ತೋರಿಸಿ, ಹತೋಟಿಗೆ ಬರುವ ತನಕ ಕಾಫಿ ಒಂದೇ ಲೋಟ. ಅದಕ್ಕಿಂತ ಕೆಳಗಿದ್ದರೆ ಕಾಫಿಗಿಂತ ಮೊದಲು ನಾನು ಕೈ ಹಾಕುವುದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗೆ. ಮಲೆನಾಡಿನ ಮನೆಯಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ, ಗೊತ್ತು.

ಎರಡು ಗಂಟೆಗೆ ಎಚ್ಚರ ಆಗುವುದಕ್ಕೆ ಏಳು ಗಂಟೆಯ ಲೋಟದ ಕೈವಾಡ ಇರಲೇಬೇಕು. ಕುಡಿದ ಕೆಫೀನ್ ಅರ್ಧ ಕರಗಲು ಸರಾಸರಿ ಐದು ಗಂಟೆ ಬೇಕು. ಏಳಕ್ಕೆ ಕುಡಿದಿದ್ದರಲ್ಲಿ ಅರ್ಧ ನಡುರಾತ್ರಿಯಲ್ಲೂ ಮೈಯಲ್ಲಿರುತ್ತದೆ, ನಾಲ್ಕು ಗಂಟೆಯದ್ದರ ಬಾಕಿಯೂ ಅದಕ್ಕೆ ಸೇರಿರುತ್ತದೆ. ಇದು ಒಬ್ಬೊಬ್ಬರ ಲಿವರ್ ಮೇಲೆ ಹೋಗುತ್ತದೆ. ಸಿಗರೇಟು ಸೇದುವವರಲ್ಲಿ ಬೇಗ ಕರಗುತ್ತದೆ, ಬಸುರಿಯರಲ್ಲಿ ಬಹಳ ನಿಧಾನ. "ನಾನು ರಾತ್ರಿ ಕಾಫಿ ಕುಡಿದೇ ಮಲಗೋದು, ಗೊರಕೆ ಹೊಡೀತೀನಿ" ಅನ್ನುವವರಿದ್ದಾರೆ. ಅವರಿಗೆ ನಿದ್ದೆ ಹತ್ತುತ್ತದೆ ಸರಿ, ಗಾಢ ನಿದ್ದೆಯ ಪಾಲು ಕಮ್ಮಿಯಾಗಿದ್ದು ಅವರಿಗೆ ಗೊತ್ತಾಗುವುದಿಲ್ಲ. ಆದರೆ ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಂತ ಮೇಲಿನ ಮೈ ಬಿಸಿಯೇರುವಿಕೆಯಿಂದಲೂ ಎಚ್ಚರವಾಗುತ್ತದೆ. ಸಂಜೆ ಕಾಫಿ ಬಿಟ್ಟು ಎರಡು ವಾರವಾದರೂ ಸರಿಹೋಗದಿದ್ದರೆ ಆ ಕಡೆ ನೋಡಬೇಕಾಗುತ್ತದೆ.

ಎಷ್ಟು ಕುಡಿಯಬಹುದು? ಆಗಲೇ ಹೇಳಿದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ 150 ಮಿಲಿ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ದಿನಕ್ಕೆ 300 ದಾಟಬಾರದು ಅನ್ನುತ್ತದೆ ಅದು. ಹೊರದೇಶದವರು ಆರೋಗ್ಯವಂತರಿಗೆ 400 ತನಕ ಬಿಡುತ್ತಾರೆ. ನಿಮ್ಮ ಲೋಟ ಚಿಕ್ಕದಿರಬಹುದು, ಆದರೆ ಪುಡಿ ಘಾಟು. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರು ಅನ್ನುವ ಕಥೆಯ ಕಾಫಿ ಅರೇಬಿಕಾ. ಅದರ ಬೀಜದಲ್ಲಿ ಕೆಫೀನ್ ಸುಮಾರು ಶೇ. 1ರಿಂದ 1.5. ರೋಬಸ್ಟಾ ನಮ್ಮ ತೋಟಗಳಿಗೆ ಬಂದಿದ್ದು ಆಮೇಲೆ, ಎಲೆ ತುಕ್ಕು ರೋಗ ಅರೇಬಿಕಾವನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ ನಂತರ. ಅದರಲ್ಲಿ ಕೆಫೀನ್ ಹತ್ತಿರ ಹತ್ತಿರ ಎರಡರಷ್ಟು. ಗಿಡಕ್ಕೆ ಕೆಫೀನ್ ಅಂದರೆ ಹುಳ ಹುಪ್ಪಟೆ ಓಡಿಸುವ ವಿಷ, ನಮಗೆ ಬೆಳಗಿನ ಭಾಗ್ಯ. ಅರ್ಧ ರೋಬಸ್ಟಾ, ಚಿಕೋರಿ ಇಲ್ಲ, ಆರು ಲೋಟ ಅಂದರೆ ನೀವು 400ರ ಗಡಿಯನ್ನೇ ದಾಟಿರುವ ಸಾಧ್ಯತೆ ಜಾಸ್ತಿ.

ನಿಮ್ಮ ಮುಂದೆ ಮೂರು ದಾರಿ ಇವೆ. ಆಸ್ಪತ್ರೆಯಲ್ಲಿ ಹೇಳಿದಂತೆ ನಾಳೆಯಿಂದಲೇ ಪೂರ್ತಿ ಬಿಡಬಹುದು. ಒಂದು ವಾರ ಏಕಾದಶಿ ತಲೆನೋವು ದಿನಾ ಇರುತ್ತದೆ, ಕೆಲವರಿಗೆ ಮಲಬದ್ಧತೆ, ಬೇಸರ. ಆ ವಾರದಲ್ಲಿ ನೋವಿನ ಮಾತ್ರೆ ಇನ್ನಷ್ಟು ನುಂಗುತ್ತೀರಿ ಅನ್ನುವುದೇ ನನ್ನ ಹೆದರಿಕೆ. ಎರಡನೆಯದು, ಲೋಟ ಅಷ್ಟೇ ಇಟ್ಟು ಪುಡಿ ಬದಲಿಸುವುದು. ರೋಬಸ್ಟಾ ಕಮ್ಮಿ ಮಾಡಿ, ಚಿಕೋರಿ ಹಾಕಿಸಿ. ಚಿಕೋರಿ ಅಂದರೆ ಹುರಿದ ಬೇರು, ಅದರಲ್ಲಿ ಕೆಫೀನ್ ಇಲ್ಲ. ತೋಟದವರು ಅದನ್ನು ಕಲಬೆರಕೆ ಅಂತ ಮೂಗು ಮುರಿಯುತ್ತಾರೆ, ಆದರೆ ಪ್ಯಾಕೆಟ್ ಮೇಲೆ ಬರೆದು, ಶೇ. 49ರ ಒಳಗೆ ಬೆರೆಸಿದರೆ ಕಾನೂನಿಗೇನೂ ಅಡ್ಡಿ ಇಲ್ಲ. ಕೆಲವರಿಗೆ ಜಾಸ್ತಿ ಚಿಕೋರಿಯಿಂದ ಹೊಟ್ಟೆ ಉಬ್ಬರಿಸುತ್ತದೆ. ಆರು ಲೋಟದ ಸಕ್ಕರೆಯಂತೂ ಹಾಗೇ ಉಳಿಯುತ್ತದೆ.

ನಾನು ಹೇಳುವುದು ಮೂರನೆಯದು. ಲೋಟ ಕಮ್ಮಿ ಮಾಡಿ, ಹೊತ್ತು ಬದಲಿಸಿ. ಮೊದಲು ಏಳು ಗಂಟೆಯದನ್ನು ತೆಗೆಯಿರಿ. ಯಜಮಾನರ ಜೊತೆ ಕೂರುವುದು ಬಿಡಬೇಡಿ, ಕೊತ್ತಂಬರಿ ಜೀರಿಗೆ ಕಷಾಯ ಮಾಡಿಕೊಳ್ಳಿ. ನಾಲ್ಕೈದು ದಿನ ಬಿಟ್ಟು ಊಟದ ಮೇಲಿನದು, ಮತ್ತೆ ನಾಲ್ಕೈದು ದಿನಕ್ಕೆ ತಿಂಡಿಯ ಜೊತೆಗಿನದು. ನಾಲ್ಕು ಗಂಟೆಯದನ್ನು ಮೂರಕ್ಕೆ ಎಳೆಯಿರಿ. ಎರಡು ವಾರದಲ್ಲಿ ಆರೂವರೆ, ಹನ್ನೊಂದು, ಮೂರು ಗಂಟೆ, ಹೀಗೆ ಮೂರು ಲೋಟಕ್ಕೆ ಬಂದಿರುತ್ತೀರಿ. ನಿಧಾನಕ್ಕೆ ಇಳಿಸಿದರೆ ತಲೆನೋವು ಬರುವುದಿಲ್ಲ, ಬಂದರೂ ತಡೆಯುವಷ್ಟು. ಏಕಾದಶಿ ತಲೆನೋವೂ ಇಳಿಯುತ್ತದೆ. ಆ ದಿನ ಕಾಫಿ ನಡೆಯುತ್ತೆ ಅನ್ನುವ ಮನೆಗಳೂ ಇವೆ. ನಿಮ್ಮಲ್ಲಿ ನಡೆಯುವುದಾದರೆ ಬೆಳಿಗ್ಗೆ ಅರ್ಧ ಲೋಟ ಸಾಕು. ನಡೆಯದಿದ್ದರೆ ಅಷ್ಟಮಿಯಿಂದಲೇ ಒಂದೊಂದು ಲೋಟ ಇಳಿಸುತ್ತಾ ಬನ್ನಿ. ನೋವಿನ ಮಾತ್ರೆ ಮಾತ್ರ ಖಾಲಿ ಹೊಟ್ಟೆಗೆ ಬೇಡ.

ಸಕ್ಕರೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆರು ಲೋಟಕ್ಕೆ ಹನ್ನೆರಡು ಚಮಚ, ಅಂದರೆ ಹತ್ತಿರ ಹತ್ತಿರ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ಇಡೀ ದಿನಕ್ಕೆ ಹಾಕಿರುವ ಮೇಲಿನ ಮಿತಿಯೇ ಸುಮಾರು ಅಷ್ಟು, ಅದರ ಅರ್ಧ ಆದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಬೆಲ್ಲದ ಕಾಫಿ ಆದರೆ ಪರವಾಗಿಲ್ಲವಾ ಅಂತ ಕೇಳುತ್ತಾರೆ. ರುಚಿಗೆ ಕುಡಿಯಿರಿ, ಲೆಕ್ಕದಲ್ಲಿ ಅದೂ ಸಕ್ಕರೆಯೇ.

ನಿಮ್ಮ ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಪುಡಿ ಹಾಕಿ ಕುದಿಸಿದ ಕಾಫಿಯಲ್ಲಿ ಅದು ಜಾಸ್ತಿ, ಕಾಗದದ ಫಿಲ್ಟರಿನಲ್ಲಿ ಸೋಸಿದ್ದರಲ್ಲಿ ಬಹಳ ಕಮ್ಮಿ. ಸ್ಟೀಲ್ ಫಿಲ್ಟರಿನ ತೂತುಗಳು ಕಾಗದದ ಹಾಗೆ ಎಣ್ಣೆ ತಡೆಯುವುದಿಲ್ಲ. ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ, ಏರಿದ್ದರೆ ಫಿಲ್ಟರಿನೊಳಗೆ ಒಂದು ಕಾಗದ ಹಾಸಿ, ಏರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕಾಫಿಯ ಒಳ್ಳೆಯ ಮುಖವನ್ನೂ ಅವನಿಗೆ ಹೇಳಿ: ಕಾಫಿ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆ, ಲಿವರ್ ಸಿರೋಸಿಸ್ ಕಮ್ಮಿ ಎಂದು ದೇಶ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹಾಗಂತ ಅದು ಔಷಧಿ ಅಂತ ಕುಡಿಯುವಂಥದ್ದಲ್ಲ. ಗ್ರೀನ್ ಟೀ ರುಚಿಸಿದರೆ ಹನ್ನೊಂದರ ಕಾಫಿಗೆ ಬದಲಾಗಿ ಕುಡಿಯಿರಿ, ಊಟದ ಜೊತೆ ಬೇಡ.

ಇನ್ನು ಮಗಳು. ಕಾಫಿ ಕುಡಿದರೆ ಮಗು ಕಪ್ಪಾಗುತ್ತೆ ಅಂತ ಯಾರಾದರೂ ಹೆದರಿಸಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ, ಬಣ್ಣ ಬರುವುದು ಅಪ್ಪ ಅಮ್ಮನಿಂದ. ನಿಜವಾದ ಎಚ್ಚರಿಕೆ ಬೇರೆ ಇದೆ. ಕೆಫೀನ್ ಮಗುವಿಗೂ ದಾಟುತ್ತದೆ, ಮಗುವಿಗೆ ಅದನ್ನು ಕರಗಿಸುವ ಶಕ್ತಿ ಇರುವುದಿಲ್ಲ. ತಾಯಿಯ ಮೈಯಲ್ಲೂ ತಿಂಗಳು ತುಂಬುತ್ತಾ ಅದು ಕರಗುವುದು ನಿಧಾನವಾಗುತ್ತದೆ. ಜಾಸ್ತಿ ಕುಡಿದರೆ ಮಗುವಿನ ತೂಕ ಕಮ್ಮಿಯಾಗುವ ಅಪಾಯ ಇದೆ. ಬಸುರಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಒಳಗಿರಲಿ ಅನ್ನುವುದು ಈಗ ಹೆಚ್ಚಿನ ತಜ್ಞರು ಒಪ್ಪುವ ಲೆಕ್ಕ. ನಿಮ್ಮ ಪುಡಿಯಲ್ಲಿ ಅವಳಿಗೆ ದಿನಕ್ಕೆ ಒಂದು ಲೋಟ, ಅದೂ ಹಾಲು ಜಾಸ್ತಿ ಡಿಕಾಕ್ಷನ್ ಕಮ್ಮಿ. ಮಧ್ಯೆ ಟೀ, ಕೋಲಾ ಕುಡಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅವಳಿಗೂ ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರೆ, ಕಾಫಿಗೂ ಅದಕ್ಕೂ ಎರಡು ಗಂಟೆ ದೂರ ಇರಲಿ.

ಟಿಎಸ್‌ಎಚ್ ರಿಪೋರ್ಟ್ ಬಂದ ಮೇಲೆ ಡೋಸ್ ಇಳಿಸಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಡಾಕ್ಟರಿಗೇ ಬಿಡಿ. ನೋಡಿಯಮ್ಮ, ಅದಕ್ಕೆ ಮುಂಚೆ ನೀವೇ ಮಾತ್ರೆ ಅರ್ಧ ಮುರಿದು ನುಂಗಬೇಡಿ.